ಧರ್ಮಕೇಂದ್ರದಲ್ಲಿ ವಿಶೇಷಚೇತನರಿಗಾಗಿ ಸೇವಾಕೂಟ ಶುರು ಮಾಡಬೇಕಿದೆ, ಅನುಭವ ಇರೋರು ದಯವಿಟ್ಟು ಹೇಳಿ

ಪರಿಷತ್ ಸದಸ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದ (ಕಥೋಲಿಕ ಪ್ಯಾರಿಷ್) ಪಾಲನಾ ಪರಿಷತ್ತಿನಲ್ಲಿ ಅಂಗವೈಕಲ್ಯ ಇರುವವರಿಗಾಗಿ ಒಂದು ಸೇವಾಕೂಟ ಆಗಬೇಕು ಅಂತ ತೀರ್ಮಾನ ಆಯ್ತು. ಯಾರು ನೋಡ್ಕೋತಾರೆ ಅನ್ನೋ ಮಾತು ಬಂದಾಗ ಎಲ್ಲರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಹೀಗೆ ಜವಾಬ್ದಾರಿ ನನ್ನ ತಲೆಗೆ ಬಂತು. ನಮ್ಮ ಮನೆಯಲ್ಲಿ ಅಂಗವೈಕಲ್ಯ ಇರುವವರು ಯಾರೂ ಇಲ್ಲ, ಹಾಗಾಗಿ ಈ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ.

ಸದ್ಯಕ್ಕೆ ಯೋಚನೆಯಲ್ಲಿರೋದು ಇಷ್ಟು: ವರ್ಷಕ್ಕೊಂದು ವಿಶೇಷ ಬಲಿಪೂಜೆ (ಮಾಸ್), ಅದರಲ್ಲಿ ಎಲ್ಲರಿಗೂ ರೋಗಿಗಳ ಅಭ್ಯಂಗ (ಗುರುಗಳು ಪವಿತ್ರ ತೈಲ ಹಚ್ಚಿ ಪ್ರಾರ್ಥಿಸೋ ಸಂಸ್ಕಾರ), ಆಮೇಲೆ ಊಟ, ಉಡುಗೊರೆ, ಅಗತ್ಯ ಇದ್ದವರಿಗೆ ಗಾಲಿಕುರ್ಚಿ. ಬಾಗಿಲಿಗೆ ರ‍್ಯಾಂಪ್ ಹಾಕಿಸೋಕೆ ಗುರುಗಳು (ಫಾದರ್) ಒಪ್ಪಿದ್ದಾರೆ. ಇದಿಷ್ಟು ಸಾಕಾ? ಏನೋ ಬಿಟ್ಟು ಹೋಗಿದೆ ಅನ್ನಿಸ್ತಿದೆ, ಆದರೆ ಏನು ಅಂತ ಹೊಳೀತಿಲ್ಲ.

ಗಾಲಿಕುರ್ಚಿ

ಸರ್, ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ನಿಮ್ಮ ಯೋಚನೆಯಲ್ಲಿರೋ ಪ್ರತಿಯೊಂದರಲ್ಲೂ ಕೊಡೋರು ನೀವು, ತಗೊಳ್ಳೋರು ನಾವು. ಈ ತೀರ್ಮಾನ ಮಾಡಿದ ಸಭೆಯಲ್ಲಿ ಅಂಗವೈಕಲ್ಯ ಇರೋರು ಒಬ್ಬರಾದ್ರೂ ಕೂತಿದ್ರಾ? ಮೊದಲು ಅದು ಆಗಲಿ. ಊಟ, ಉಡುಗೊರೆ ಎಲ್ಲ ಆಮೇಲೆ.

ರ‍್ಯಾಂಪ್ ವಿಷಯ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಅನ್ನೋದು ಸಾಮಾನ್ಯ ಲೆಕ್ಕ. ಜಾಗ ಇಲ್ಲ ಅಂತ ಅದನ್ನ ನಾಲ್ಕೈದು ಅಡಿಗೆ ಮುಗಿಸಿದ್ರೆ ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ಹತ್ತೋವಾಗ ಇಬ್ಬರು ತಳ್ಳಬೇಕು, ಇಳಿಯೋವಾಗ ದೇವರೇ ಕಾಪಾಡಬೇಕು. ಮೇಲೆ ಬಾಗಿಲ ಮುಂದೆ ಕುರ್ಚಿ ತಿರುಗಿಸೋಕೆ ಸಮತಟ್ಟು ಜಾಗನೂ ಬೇಕು.

ಒಳಗೆ ಬಂದ ಮೇಲೆ? ನನ್ನನ್ನ ಯಾವಾಗಲೂ ನಡುದಾರಿಯಲ್ಲೋ, ಎಲ್ಲರಿಗಿಂತ ಮುಂದೋ, ಇಲ್ಲಾ ಎಲ್ಲರಿಗಿಂತ ಹಿಂದೆ ಕಂಬದ ಪಕ್ಕದಲ್ಲೋ ನಿಲ್ಲಿಸ್ತಾರೆ. ಹೆಂಡತಿ ಮಕ್ಕಳು ಬೆಂಚಿನಲ್ಲಿ, ನಾನು ಬೇರೆ. ಮಧ್ಯದ ಎರಡು ಮೂರು ಬೆಂಚುಗಳನ್ನ ಒಂದು ಕುರ್ಚಿ ಹಿಡಿಯುವಷ್ಟು ಮೋಟು ಮಾಡಿಸಿದ್ರೆ ನಾನೂ ಮನೆಯವರ ಜೊತೆ ಕೂರಬಹುದು. ಬಡಗಿಗೆ ಅರ್ಧ ದಿನದ ಕೆಲಸ.

ಇನ್ನೊಂದು, ಇದನ್ನ ಯಾರೂ ಯೋಚನೆ ಮಾಡಿರಲ್ಲ. ವಾಚನ ಪೀಠಕ್ಕೆ ಮೆಟ್ಟಿಲು ಇವೆಯಾ? ಇದ್ದರೆ ನಿಮ್ಮ ರ‍್ಯಾಂಪ್ ಹೇಳ್ತಿರೋದು "ಒಳಗೆ ಬಾ, ಕೂತು ಕೇಳು" ಅಂತ ಮಾತ್ರ. ನನಗೆ ಓದೋಕೆ ಬರುತ್ತೆ ಸರ್, ಗಂಟಲೂ ಚೆನ್ನಾಗಿದೆ. ವಾಚಕರ ಪಟ್ಟಿಯಲ್ಲಿ ನನ್ನ ಹೆಸರು ಇಲ್ಲದಿರೋದಕ್ಕೆ ಕಾರಣ ಮೂರು ಮೆಟ್ಟಿಲು.

ಕೊನೆಯದು ಅಭ್ಯಂಗ. ನನ್ನ ಕಾಲು ಹುಟ್ಟಿನಿಂದ ಹೀಗೇ. ಕಾಯಿಲೆ ಏನೂ ಇಲ್ಲ. ಅಭ್ಯಂಗದ ದಿನ ಯಾರೋ ಒಬ್ಬರು, ನನ್ನ ಕೇಳದೇ, ಕುರ್ಚಿ ತಳ್ಳಿಕೊಂಡು ಹೋಗಿ ಮೊದಲನೇ ಸಾಲಿನಲ್ಲಿ ನಿಲ್ಲಿಸಿಬಿಡ್ತಾರೆ. ಇದರ ಬಗ್ಗೆ ಇಲ್ಲಿ ಗುರುಗಳು ಯಾರಾದ್ರೂ ಇದ್ರೆ ಹೇಳಿ.

ಗುರು (ಧರ್ಮಸಭೆಯ ಕಾನೂನು ಓದಿದವನು)

ಗಾಲಿಕುರ್ಚಿಯವರು ಹೇಳಿದ್ದು ಸರಿ. ಧರ್ಮಸಭೆಯ (ಕಥೋಲಿಕ ಚರ್ಚಿನ) ಕಾನೂನು ಸಂಹಿತೆಯ 1004ನೇ ವಿಧಿಯ ಪ್ರಕಾರ ರೋಗಿಗಳ ಅಭ್ಯಂಗ ಇರುವುದು ಕಾಯಿಲೆಯಿಂದಲೋ ವೃದ್ಧಾಪ್ಯದಿಂದಲೋ ಅಪಾಯಕ್ಕೆ ಹತ್ತಿರವಾಗುತ್ತಿರುವ ವಿಶ್ವಾಸಿಗಳಿಗೆ. ಅಂಗವೈಕಲ್ಯವೆಂದರೆ ಕಾಯಿಲೆಯಲ್ಲ. ಅಂಗವೈಕಲ್ಯ ಇರುವವರಿಗೆ ಕಾಯಿಲೆ ಬಂದರೆ ಅಭ್ಯಂಗ ಉಂಟು, ಉಳಿದವರಿಗೆ ಇರುವ ಹಾಗೆಯೇ. ಅಮೆರಿಕದ ಧರ್ಮಾಧ್ಯಕ್ಷರು (ಬಿಷಪ್‌ಗಳು) ಇದೇ ವಿಷಯಕ್ಕೆಂದು 1995ರಲ್ಲಿ ಮಾರ್ಗಸೂಚಿಯೊಂದನ್ನು ಹೊರಡಿಸಿ 2017ರಲ್ಲಿ ಪರಿಷ್ಕರಿಸಿದರು. ಅದರಲ್ಲೂ ಈ ಮಾತು ಸ್ಪಷ್ಟವಾಗಿದೆ. ಅದು ಅವರ ಧರ್ಮಪ್ರಾಂತ್ಯಗಳಿಗೆ ಬರೆದದ್ದು ನಿಜ, ಆದರೆ ಅದು ನಿಂತಿರುವುದು ಇಡೀ ಧರ್ಮಸಭೆಯ ಕಾನೂನಿನ ಮೇಲೆಯೇ.

ಪರಿಷತ್ ಸದಸ್ಯರೇ, ನೀವು ಬಿಟ್ಟದ್ದು ಏನು ಅಂತ ಕೇಳಿದಿರಲ್ಲ. ಸಂಸ್ಕಾರಗಳು, ಅಂದರೆ ದೀಕ್ಷಾಸ್ನಾನದಂಥ ಪವಿತ್ರ ಆಚರಣೆಗಳು. ಧರ್ಮೋಪದೇಶ. ನಿಮ್ಮ ಯೋಜನೆಯಲ್ಲಿ ಎರಡೂ ಕಾಣುತ್ತಿಲ್ಲ. 777ನೇ ವಿಧಿ ಧರ್ಮಕೇಂದ್ರದ ಗುರುವಿಗೆ ವಹಿಸುವ ಕೆಲಸಗಳಲ್ಲಿ, ದೇಹದಲ್ಲಿ ಅಥವಾ ಮನಸ್ಸಿನಲ್ಲಿ ಅಂಗವೈಕಲ್ಯ ಇರುವವರಿಗೂ ಅವರ ಸ್ಥಿತಿ ಅನುವು ಮಾಡಿಕೊಡುವಷ್ಟು ಧರ್ಮೋಪದೇಶ ಸಿಗುವಂತೆ ನೋಡಿಕೊಳ್ಳುವುದೂ ಒಂದು. ಇದು ದಯೆಯಿಂದ ಮಾಡುವ ಕೆಲಸವಲ್ಲ, ನಮ್ಮ ಕರ್ತವ್ಯ.

ಒಬ್ಬ ತಾಯಿ

ಫಾದರ್, ನೀವು ಹೇಳಿದ ಆ ವಿಧಿಯ ಸಂಖ್ಯೆ ನನಗೆ ಆವತ್ತು ಗೊತ್ತಿದ್ದಿದ್ರೆ!

ನನ್ನ ಮಗನಿಗೆ ಆಟಿಸಂ. ಮಾತಿಲ್ಲ. ಅವನ ವಯಸ್ಸಿನ ಮಕ್ಕಳೆಲ್ಲ ಪ್ರಥಮ ಪರಮಪ್ರಸಾದಕ್ಕೆ (ಬಲಿಪೂಜೆಯ ಪವಿತ್ರ ರೊಟ್ಟಿಯನ್ನ ಮೊದಲ ಸಲ ತಗೊಳ್ಳೋದು) ತಯಾರಾಗ್ತಿದ್ದಾಗ ನಾನೂ ಹೆಸರು ಬರೆಸೋಕೆ ಹೋದೆ. ಯಾವ ಚರ್ಚು ಅನ್ನೋದು ಬೇಡ. ಅಲ್ಲಿದ್ದವರು ತುಂಬಾ ಪ್ರೀತಿಯಿಂದಲೇ ಹೇಳಿದ್ರು: "ಅಮ್ಮಾ, ಇವನು ದೇವರ ಮಗು. ಇವನಿಗೆ ಪಾಪವೇ ಗೊತ್ತಿಲ್ಲ. ಇವನು ಹೇಗೂ ಸ್ವರ್ಗಕ್ಕೆ ಹೋಗ್ತಾನೆ. ಇದೆಲ್ಲ ಯಾಕೆ ಬೇಕು?" ಬೈದಿದ್ರೆ ನಾನೂ ತಿರುಗಿ ಮಾತಾಡ್ತಿದ್ದೆ. ಪ್ರೀತಿಯಿಂದ ಹೇಳಿದಾಗ ಏನು ಮಾತಾಡೋದು? ಮನೆಗೆ ಬಂದೆ.

ಆಮೇಲೆ ಇನ್ನೊಂದು ಧರ್ಮಕೇಂದ್ರದ ಸಿಸ್ಟರ್ ಒಬ್ಬರು ನಮ್ಮನ್ನ ಕರೆದರು. ಅವರು ಮಾಡಿದ್ದನ್ನ ವಿವರವಾಗಿ ಬರೀತೀನಿ, ಯಾರಿಗಾದ್ರೂ ಉಪಯೋಗಕ್ಕೆ ಬರಲಿ.

ಮೊದಲು ಜನ ಇಲ್ಲದ ಹೊತ್ತಿನಲ್ಲಿ ದೇವಾಲಯಕ್ಕೆ ಬರೋಕೆ ಹೇಳಿದ್ರು. ಅವನು ಇಡೀ ದೇವಾಲಯ ಸುತ್ತಾಡಿದ. ಬಲಿಪೀಠದ ಮೇಲಿನ ಬಟ್ಟೆಯ ಅಂಚು ಮುಟ್ಟಿ ಮುಟ್ಟಿ ನೋಡಿದ. ಸಿಸ್ಟರ್ ತಡೀಲಿಲ್ಲ. ಆಮೇಲೆ ಬಲಿಪೂಜೆಯ ಒಂದೊಂದು ಹಂತದ ಫೋಟೋ ತೆಗೆದು, ಅಂಗೈ ಅಗಲದ ಕಾರ್ಡುಗಳನ್ನ ಮಾಡಿ ರಿಂಗಿಗೆ ಪೋಣಿಸಿ ಕೊಟ್ಟರು. ನಿಲ್ಲೋದು, ಕೂರೋದು, ಶಾಂತಿ ಹಂಚೋದು, ಸಾಲಿನಲ್ಲಿ ಹೋಗೋದು. ಒಂದು ಆದ ಮೇಲೆ ಇನ್ನೊಂದು ತಿರುವಿ ಹಾಕಬೇಕು. ಮುಂದೆ ಏನು ಬರುತ್ತೆ ಅಂತ ಗೊತ್ತಾದ್ರೆ ಅವನ ಗಾಬರಿ ಅರ್ಧ ಇಳಿಯುತ್ತೆ.

ನಿಜವಾದ ಕಷ್ಟ ಇದ್ದಿದ್ದು ರೊಟ್ಟಿಯದು. ಬಾಯಿಗೆ ಹೊಸದೇನೇ ಇಟ್ಟರೂ ಉಗೀತಾನೆ, ಅದರಲ್ಲೂ ಒಣಗಿ ಅಂಗುಳಕ್ಕೆ ಅಂಟೋ ವಸ್ತು ಅಂದ್ರೆ ಆಗೋದೇ ಇಲ್ಲ. ಪವಿತ್ರೀಕರಿಸದ ರೊಟ್ಟಿಗಳನ್ನ ಅಭ್ಯಾಸಕ್ಕೆ ಅಂತ ಕೊಟ್ಟರು. ಮೊದಲು ಬರೀ ಕೈಯಲ್ಲಿ ಹಿಡಿಯೋದು. ಆಮೇಲೆ ತುಟಿಗೆ ತಾಗಿಸೋದು. ಆಮೇಲೆ ಅಕ್ಕಿಕಾಳಿನಷ್ಟು ಚೂರು, ಮೇಲೆ ಒಂದು ಗುಟುಕು ನೀರು. ಉಗಿದ, ಮತ್ತೆ ಉಗಿದ, ತಿಂಗಳುಗಟ್ಟಲೆ. ಒಂದು ದಿನ ನುಂಗಿದ. ಚೂರು ಎಷ್ಟೇ ಚಿಕ್ಕದಿದ್ದರೂ ಅದು ಪೂರ್ಣ ಪರಮಪ್ರಸಾದವೇ ಅಂತ ಸಿಸ್ಟರ್ ಹೇಳಿದಾಗ ನನ್ನ ತಲೆಭಾರ ಇಳೀತು.

ಹಿಂದಿನ ಬೆಂಚು

ತಾಯಿಯವರ ಶ್ರಮಕ್ಕೆ ಗೌರವ ಇದೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು, ಎಲ್ಲರೂ ಬೈದರೂ ಸರಿ. ಪರಮಪ್ರಸಾದ ಸ್ವೀಕರಿಸುವವರಿಗೆ ಅದು ಏನೆಂಬ ಅರಿವು ಇರಬೇಕು ಅಂತ ಧರ್ಮಸಭೆಯೇ ಹೇಳುತ್ತಲ್ಲ? 913ನೇ ವಿಧಿಯಲ್ಲಿ ಮಕ್ಕಳಿಗೆ ಸಾಕಷ್ಟು ತಿಳಿವಳಿಕೆ ಮತ್ತು ಸಿದ್ಧತೆ ಬೇಕು ಅಂತಿದೆ. ಅರಿವಿಲ್ಲದೆ ಕೊಟ್ಟರೆ ನಾವೇ ಅದನ್ನ ಹಗುರ ಮಾಡಿದ ಹಾಗಲ್ಲವೇ? ನನ್ನದು ಅಂಗವಿಕಲರ ಬಗ್ಗೆ ತಾತ್ಸಾರ ಅಲ್ಲ, ಪರಮಪ್ರಸಾದದ ಬಗ್ಗೆ ಭಯಭಕ್ತಿ.

ಇನ್ನೊಂದು: ಗುರುಗಳ ಪ್ರಬೋಧನೆ ನಡೆಯುವಾಗ ಯಾರಾದರೂ ಕೂಗಿದರೆ ಇಡೀ ಸಭೆಯ ಗಮನ ಹೋಗುತ್ತೆ. ಅವರಿಗೇ ಬೇರೆ ಬಲಿಪೂಜೆ ಇಟ್ಟರೆ ಅವರಿಗೂ ನೆಮ್ಮದಿ ಅಲ್ಲವೇ?

ಗುರು (ಧರ್ಮಸಭೆಯ ಕಾನೂನು ಓದಿದವನು)

ಬೈಯುವುದೇನಿಲ್ಲ, ಕೇಳಬೇಕಾದ ಪ್ರಶ್ನೆಯೇ.

913ನೇ ವಿಧಿಯನ್ನು ಪೂರ್ತಿ ಓದಿ. ಮಕ್ಕಳು ತಮ್ಮ ಸಾಮರ್ಥ್ಯಕ್ಕೆ ತಕ್ಕಂತೆ ಕ್ರಿಸ್ತರ ರಹಸ್ಯವನ್ನು ಅರಿಯಬೇಕು ಎಂದಿದೆ. "ಸಾಮರ್ಥ್ಯಕ್ಕೆ ತಕ್ಕಂತೆ" ಎಂಬುದನ್ನು ಬಿಟ್ಟು ಓದಿದರೆ ವಿಧಿಯೇ ಬೇರೆಯಾಗುತ್ತದೆ. 1910ರಲ್ಲಿ ವಿಶ್ವಗುರು (ಪೋಪ್) ಆಗಿದ್ದ ಸಂತ ಹತ್ತನೇ ಪಿಯುಸರು ಪ್ರಥಮ ಪರಮಪ್ರಸಾದದ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದಾಗ ಕೇಳಿದ್ದೂ ಇಷ್ಟೇ: ಮಗು ಈ ರೊಟ್ಟಿಗೂ ಸಾಮಾನ್ಯ ರೊಟ್ಟಿಗೂ ವ್ಯತ್ಯಾಸ ಕಾಣಬಲ್ಲದೇ? ಪೂರ್ಣ ದೈವಶಾಸ್ತ್ರ ಬೇಕು ಎನ್ನುವುದಾದರೆ ನಮ್ಮಲ್ಲಿ ಎಷ್ಟು ಜನ ಸಾಲಿನಲ್ಲಿ ಉಳಿಯುತ್ತೇವೆ?

ಆ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳಬೇಕಿಲ್ಲ. ನಾನು ಮೊದಲು ಹೇಳಿದ ಮಾರ್ಗಸೂಚಿಯ ಪ್ರಕಾರ ಹಾವಭಾವ, ಸನ್ನೆ, ಆ ಹೊತ್ತಿನ ಭಕ್ತಿಯ ಮೌನ, ಇವೂ ಸಾಕು. ಅನುಮಾನ ಉಳಿದರೆ ತೀರ್ಮಾನ ಆ ವ್ಯಕ್ತಿಯ ಹಕ್ಕಿನ ಪರವಾಗಿ ಇರಬೇಕು. ವಿಶ್ವಗುರು ಹದಿನಾರನೇ ಬೆನೆಡಿಕ್ಟರು 2007ರಲ್ಲಿ ಪರಮಪ್ರಸಾದದ ಬಗ್ಗೆ ಬರೆದ ಪ್ರೇಷಿತ ಪತ್ರದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ: ಬೌದ್ಧಿಕ ಅಂಗವೈಕಲ್ಯ ಇರುವ, ದೀಕ್ಷಾಸ್ನಾನ ಮತ್ತು ದೃಢೀಕರಣ ಪಡೆದವರಿಗೆ ಸಾಧ್ಯವಾದಾಗಲೆಲ್ಲ ಪರಮಪ್ರಸಾದ ಸಿಗಬೇಕು, ಅವರು ಅದನ್ನು ತಮ್ಮ ಜೊತೆಗಿರುವ ಕುಟುಂಬದ, ಸಮುದಾಯದ ವಿಶ್ವಾಸದಲ್ಲೂ ಸ್ವೀಕರಿಸುತ್ತಾರೆ ಎಂದು. ಕೂಸಿಗೆ ದೀಕ್ಷಾಸ್ನಾನ ಕೊಡುವಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ವಿಶ್ವಗುರು ಫ್ರಾನ್ಸಿಸರು 2020ರ ಡಿಸೆಂಬರ್ 3ರ ಸಂದೇಶದಲ್ಲಿ ಸಂಸ್ಕಾರಗಳನ್ನು ಪಡೆಯುವುದು ಅವರ ಹಕ್ಕು ಎಂದೇ ಬರೆದರು.

ಗಲಾಟೆಯ ವಿಷಯ ತಾಯಿಯವರು ಹೇಳಲಿ.

ಒಬ್ಬ ತಾಯಿ

ಹಿಂದಿನ ಬೆಂಚು ಅಣ್ಣಾ, ಮೈಕು ಕೀರಲು ಹೊಡೆಯೋದನ್ನ ಎಲ್ಲರೂ ಸಹಿಸ್ಕೋತಾರೆ. ಯಾರದೋ ಫೋನು ಹಾಡಿದ್ರೂ ಸಹಿಸ್ಕೋತಾರೆ. ನನ್ನ ಮಗ ಒಂದು ಸಲ ಕೂಗಿದ್ರೆ ಮಾತ್ರ ಭಕ್ತಿ ಕೆಡುತ್ತಾ?

ಸಿಟ್ಟಿಗೆ ಹೇಳ್ತಿಲ್ಲ (ಸ್ವಲ್ಪ ಸಿಟ್ಟು ಇದೆ). ಶಬ್ದ, ಬೆಳಕು, ಧೂಪ ಕಡಿಮೆ ಇರೋ ಬಲಿಪೂಜೆ ಅಂತ ಕೆಲವು ಕಡೆ ಮಾಡ್ತಾರೆ. ಅದು ಒಳ್ಳೇದೇ. ಅಲ್ಲಿ ಮಗ ಓಡಾಡಿದ್ರೂ ನಾನು ಯಾರ ಮುಖನೂ ನೋಡಬೇಕಾಗಿಲ್ಲ. ಹೊಸದಾಗಿ ಬರೋ ಕುಟುಂಬಕ್ಕೆ ಬಾಗಿಲು ಅದೇ ಆಗಬಹುದು. ಆದರೆ ಅದು ಇದೆ ಅಂತ ಭಾನುವಾರದ ಪೂಜೆಯ ಬಾಗಿಲು ಮುಚ್ಚಬಾರದು. "ನಿಮಗೆ ಅಂತಲೇ ಬೇರೆ ಇದೆಯಲ್ಲ" ಅನ್ನೋ ಮಾತು ಒಂದು ಸಲ ಕೇಳಿಸಿಕೊಂಡೋರಿಗೆ ಗೊತ್ತು ಅದು ಹೇಗೆ ನಾಟುತ್ತೆ ಅಂತ.

ಬಲಿಪೂಜೆಯಲ್ಲಿ ಪಕ್ಕಕ್ಕೊಂದು ಕೋಣೆ ಇಟ್ಟು, ಅಲ್ಲಿಗೂ ಬಲಿಪೀಠ ಕಾಣೋ ಹಾಗೆ ಮಾಡಿದ್ರೆ ಸಾಕು. ಕೂಗಿದ್ರೆ ಎದ್ದು ಹೋಗ್ತೀವಿ, ಸುಮ್ಮನಾದ್ರೆ ವಾಪಸ್ ಬರ್ತೀವಿ. ವಾಪಸ್ ಬರೋವಾಗ ಜಾಗ ಇರಬೇಕು ಅಷ್ಟೆ.

ಕೈಮಾತು

ನಾನು ಹುಟ್ಟು ಕಿವುಡ. ನನ್ನ ಭಾಷೆ ಸನ್ನೆ ಭಾಷೆ. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಇಲ್ಲಿವರೆಗೆ ಎಲ್ಲರೂ ಮೆಟ್ಟಿಲು, ಶಬ್ದ ಅಂತ ಮಾತಾಡಿದಿರಿ. ನಮಗೆ ಮೆಟ್ಟಿಲು ತೊಂದರೆ ಇಲ್ಲ, ಶಬ್ದವೂ ಇಲ್ಲ. ಹಾಗಾಗಿ ನಾವು ಯಾರ ಕಣ್ಣಿಗೂ ಬೀಳಲ್ಲ. ಎಲ್ಲರ ಜೊತೆ ಎದ್ದು ನಿಲ್ತೀವಿ, ಕೂರ್ತೀವಿ, ಮನೆಗೆ ಹೋಗ್ತೀವಿ. ಪ್ರಬೋಧನೆ ಹೊತ್ತಿನಲ್ಲಿ ನಾನು ಫ್ಯಾನಿನ ರೆಕ್ಕೆ ನೋಡ್ತಾ ಬೆಳೆದವನು.

ಪರಿಷತ್ ಸದಸ್ಯರಿಗೆ ಕೆಲವು ಮಾತು. ಸನ್ನೆ ಭಾಷೆಯ ಅನುವಾದಕರನ್ನ ಇಟ್ಟರೆ ಎಲ್ಲಿ ನಿಲ್ಲಿಸ್ತೀರಿ ಅನ್ನೋದು ಮುಖ್ಯ. ಮೂಲೆಯಲ್ಲಿ ನಿಲ್ಲಿಸಿದರೆ ನಾನು ಅವರನ್ನ ನೋಡಬೇಕು, ಇಲ್ಲಾ ಬಲಿಪೀಠ ನೋಡಬೇಕು. ಎರಡೂ ಒಂದೇ ನೋಟಕ್ಕೆ ಸಿಗಬೇಕು. ಬೆನ್ನ ಹಿಂದೆ ಕಿಟಕಿ ಇದ್ದರೆ ಅವರ ಕೈ, ಮುಖ ಕಪ್ಪಾಗಿ ಕಾಣುತ್ತೆ, ಏನೂ ಓದೋಕೆ ಆಗಲ್ಲ. ವಾಚನ, ಹಾಡು, ಪ್ರಬೋಧನೆ ಮುಂಚೆಯೇ ಅವರ ಕೈಗೆ ಕೊಡಿ. ಬೈಬಲಿನ ಹೆಸರುಗಳನ್ನ ನಿಂತಲ್ಲೇ ಸನ್ನೆಗೆ ತರೋದು ಸುಲಭ ಅಲ್ಲ.

"ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ" ಅಂತಾರೆ. ನಾನು ಕಣ್ಣು ಮುಚ್ಚಿದರೆ ಪ್ರಾರ್ಥನೆಯೇ ಮುಗೀತು.

ಇನ್ನೊಂದು ಗೊತ್ತಿರಲಿ. ಧರ್ಮಸಭೆಯವರು ಕಿವುಡರಿಗೆ ಒಳ್ಳೆಯದೂ ಮಾಡಿದ್ದಾರೆ, ಕೆಟ್ಟದ್ದೂ ಮಾಡಿದ್ದಾರೆ. 18ನೇ ಶತಮಾನದಲ್ಲಿ ಪ್ಯಾರಿಸಿನಲ್ಲಿ ಕಿವುಡ ಮಕ್ಕಳಿಗೆ ಸನ್ನೆಯ ಮೂಲಕ ಪಾಠ ಹೇಳೋ ಶಾಲೆ ತೆರೆದ ಶಾರ್ಲ್-ಮಿಶೆಲ್ ದ ಲೆಪೆ ಒಬ್ಬ ಗುರು. 1880ರಲ್ಲಿ ಮಿಲಾನಿನ ಸಮ್ಮೇಳನ ಶಾಲೆಗಳಲ್ಲಿ ಸನ್ನೆ ಬೇಡ, ಮಾತೇ ಕಲಿಸಬೇಕು ಅಂತ ನಿರ್ಣಯ ಮಾಡಿತು. ಅದರ ಅಧ್ಯಕ್ಷ ಜೂಲಿಯೋ ತಾರ್ರಾ, ಅವನೂ ಗುರುವೇ. ಆ ನಿರ್ಣಯದ ಪೆಟ್ಟು ಎಷ್ಟೋ ತಲೆಮಾರಿನ ಕಿವುಡ ಮಕ್ಕಳ ಕೈಮೇಲೆ ಬಿತ್ತು.

ಕಿವುಡರು ಬರೀ ಕೇಳಿಸಿಕೊಳ್ಳದವರಲ್ಲ, ಗುರುಗಳೂ ಆಗಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಸಿರಿಲ್ ಆಕ್ಸೆಲ್‌ರಾಡ್ ಹುಟ್ಟು ಕಿವುಡರು, 1970ರಲ್ಲಿ ಗುರುದೀಕ್ಷೆ ಪಡೆದರು, ಆಮೇಲೆ ದೃಷ್ಟಿಯೂ ಹೋಯ್ತು, ಸೇವೆ ನಿಲ್ಲಿಸಲಿಲ್ಲ. ಅವರು ಸನ್ನೆಯನ್ನ ಕೈ ಮುಟ್ಟಿ ಓದ್ತಾರೆ.

ಗುರು (ಧರ್ಮಸಭೆಯ ಕಾನೂನು ಓದಿದವನು)

ಅದಕ್ಕೆ ಒಂದು ಸೇರಿಸುತ್ತೇನೆ. 1917ರ ಹಳೆಯ ಸಂಹಿತೆಯಲ್ಲಿ ದೇಹದ ಊನ ಗುರುದೀಕ್ಷೆಗೆ ಅಡ್ಡಿಯಾಗಬಹುದಿತ್ತು. 1983ರ ಸಂಹಿತೆಯಲ್ಲಿ ಆ ಅಡ್ಡಿಯನ್ನು ಕೈಬಿಡಲಾಗಿದೆ. ವಿವಾಹದಲ್ಲೂ ಹಾಗೆಯೇ, ಮಾತನಾಡಲಾಗದವರು ಸನ್ನೆಯಿಂದ ಸಮ್ಮತಿ ಕೊಟ್ಟರೆ ಅದು ಪೂರ್ಣ ಸಮ್ಮತಿ. 1104ನೇ ವಿಧಿ.

ಕ್ಯಾಟೆಕಿಸಂ ಟೀಚರ್

ಎಲ್ಲ ಓದಿದೆ. ನನ್ನ ಧರ್ಮೋಪದೇಶದ ತರಗತಿಯಲ್ಲಿ ಡೌನ್ ಸಿಂಡ್ರೋಮ್ ಇರೋ ಒಬ್ಬಳು ಹುಡುಗಿ ಇದ್ದಾಳೆ. ಪುಸ್ತಕದ ಪ್ರಶ್ನೋತ್ತರ ಬಾಯಿಪಾಠ ಮಾಡಿಸೋಕೆ ಹೋದರೆ ಅವಳಿಗೆ ಬೇಜಾರು, ನನಗೂ ಬೇಜಾರು. ಬೇರೆ ಕೂರಿಸಬೇಕಾ, ಎಲ್ಲರ ಜೊತೆಗೇನಾ? ಯಾರಾದರೂ ವಿಧಾನ ಹೇಳಿಕೊಡಿ.

ಅಕ್ಕನ ತಮ್ಮ

ಟೀಚರ್, ನನ್ನ ಅಕ್ಕನಿಗೂ ಡೌನ್ ಸಿಂಡ್ರೋಮ್, ಈಗ ಅವಳಿಗೆ ನಡುವಯಸ್ಸು. ಅವಳ ಕಾಲದಲ್ಲಿ ಕಂಡದ್ದು, ಆಮೇಲೆ ಓದಿದ್ದು ಎರಡನ್ನೂ ಹೇಳ್ತೀನಿ.

1960ರ ದಶಕದಲ್ಲಿ ಷಿಕಾಗೋದಲ್ಲಿ ಬೆಳೆದ ಸ್ಪ್ರೆಡ್ ಅನ್ನೋ ಪದ್ಧತಿ ಇದೆ. ಅದರಲ್ಲಿ ಪಾಠ ಅನ್ನೋದು ಕಮ್ಮಿ. ಚಿಕ್ಕ ಗುಂಪು, ಅಂಗವೈಕಲ್ಯ ಇರೋ ಒಬ್ಬೊಬ್ಬರಿಗೂ ಜೊತೆಗೊಬ್ಬ ಸ್ನೇಹಿತ. ಮೊದಲು ಎಲ್ಲರೂ ಸುಮ್ಮನೆ ಕೈಕೆಲಸ ಮಾಡ್ತಾ ಕೂರ್ತಾರೆ, ಮನಸ್ಸು ತಿಳಿಯಾಗೋವರೆಗೆ. ಆಮೇಲೆ ಬದುಕಿನಿಂದ ಒಂದು ವಸ್ತು ಎತ್ಕೋತಾರೆ. ನೀರು ಅಂದುಕೊಳ್ಳಿ. ಮುಟ್ಟಿ ನೋಡೋದು, ಕೈ ಅದ್ದೋದು, ನೀರಿನ ನೆನಪು ಹೇಳೋದು. ಅಲ್ಲಿಂದ ದೇವಾಲಯದ ನೀರು, ಅಲ್ಲಿಂದ ದೀಕ್ಷಾಸ್ನಾನ. ಕೊನೆಗೆ ಶುಭಸಂದೇಶದ ಒಂದೇ ಒಂದು ವಾಕ್ಯವನ್ನ ಒಬ್ಬೊಬ್ಬರ ಹೆಸರು ಹಿಡಿದು ಅವರಿಗೇ ಹೇಳೋದು. ನನ್ನ ಅಕ್ಕ ಇವತ್ತಿಗೂ ಮರೆಯದೇ ಇರೋದು ಹೆಸರು ಹಿಡಿದು ಹೇಳಿದ ಮಾತುಗಳನ್ನೇ. ಬಾಯಿಪಾಠ ಒಂದೂ ಉಳಿದಿಲ್ಲ.

ಬೇರೆ ಕೂರಿಸಬೇಕಾ ಅಂದರೆ, ನನ್ನ ಅಭಿಪ್ರಾಯ ಇಷ್ಟು: ಪಾಠ ಎಲ್ಲರ ಜೊತೆಗೆ, ಅವಳ ಪಕ್ಕ ಒಬ್ಬ ದೊಡ್ಡ ಹುಡುಗಿ. ಪ್ರಥಮ ಪರಮಪ್ರಸಾದವಂತೂ ಖಂಡಿತ ಎಲ್ಲರ ಜೊತೆಗೇ. ಅಕ್ಕನಿಗೆ ಬೇರೆ ದಿನ, ಬೇರೆಯಾಗಿ, ಮನೆಯವರ ಮುಂದೆ ಮಾತ್ರ ಕೊಟ್ಟರು. ಗುಂಪಿನ ಫೋಟೋದಲ್ಲಿ ಅವಳಿಲ್ಲ. ಆ ಫೋಟೋ ಅವಳು ಇನ್ನೂ ಕೇಳ್ತಾಳೆ.

ಪರಿಷತ್ ಸದಸ್ಯರಿಗೆ: ಒಬ್ಬರೇ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಿಲ್ಲ. "ವಿಶ್ವಾಸ ಮತ್ತು ಬೆಳಕು" ಅನ್ನೋ ಅಂತಾರಾಷ್ಟ್ರೀಯ ಬಳಗ ಇದೆ, ಇಂಗ್ಲಿಷಿನಲ್ಲಿ ಫೇತ್ ಅಂಡ್ ಲೈಟ್. ಬೌದ್ಧಿಕ ಅಂಗವೈಕಲ್ಯ ಇರೋ ಇಬ್ಬರು ಗಂಡುಮಕ್ಕಳ ತಂದೆತಾಯಿಗೆ ಫ್ರಾನ್ಸಿನ ಪುಣ್ಯಕ್ಷೇತ್ರ ಲೂರ್ದಿನ ಯಾತ್ರೆಯಲ್ಲಿ ಉಳಿದವರ ಜೊತೆ ಜಾಗ ಸಿಗಲಿಲ್ಲ. ಆ ನೋವಿನಿಂದ ಹುಟ್ಟಿದ್ದು 1971ರ ಈಸ್ಟರಿನ ದೊಡ್ಡ ಯಾತ್ರೆ, ಅಂಥವರೇ ಸಾವಿರಾರು ಜನ ಲೂರ್ದಿಗೆ ಹೋದರು. ಅಲ್ಲಿಂದ ವಾಪಸ್ ಬಂದವರು ತಂತಮ್ಮ ಊರುಗಳಲ್ಲಿ ತಿಂಗಳಿಗೊಮ್ಮೆ ಸೇರೋಕೆ ಶುರು ಮಾಡಿದ್ದೇ ಈ ಬಳಗ. ಅಂಗವೈಕಲ್ಯ ಇರೋರು, ಅವರ ತಂದೆತಾಯಿ, ಸ್ನೇಹಿತರು. ಕಟ್ಟಡ ಬೇಡ, ಸಿಬ್ಬಂದಿ ಬೇಡ.

ಇದನ್ನ ಹೇಳುವಾಗ ಇನ್ನೊಂದನ್ನೂ ಹೇಳದಿದ್ದರೆ ಮೋಸ ಮಾಡಿದ ಹಾಗಾಗುತ್ತೆ. ಆ ಯಾತ್ರೆಯನ್ನ ಮರಿ-ಎಲೆನ್ ಮಾತ್ಯೂ ಅವರ ಜೊತೆ ಸೇರಿ ಕಟ್ಟಿದವರು ಜಾನ್ ವಾನ್ಯೇ. ಫ್ರಾನ್ಸಿನ ತ್ರೋಲಿ-ಬ್ರೊಯಿಲ್ ಹಳ್ಳಿಯಲ್ಲಿ 1964ರಲ್ಲಿ ಬೌದ್ಧಿಕ ಅಂಗವೈಕಲ್ಯ ಇರೋ ಇಬ್ಬರ ಜೊತೆ ಒಂದೇ ಮನೆಯಲ್ಲಿ ಬಾಳೋಕೆ ಶುರು ಮಾಡಿ 'ಲಾರ್ಶ್' ಸಮುದಾಯಗಳಿಗೆ ನಾಂದಿ ಹಾಡಿದವರು. ನಮ್ಮ ಮನೆಯಲ್ಲಿ ಅವರನ್ನ ಸಂತರ ಸಾಲಿನಲ್ಲೇ ಇಟ್ಟಿದ್ದೆವು. 2019ರಲ್ಲಿ ತೀರಿಕೊಂಡರು. 2020ರಲ್ಲಿ ಲಾರ್ಶ್ ತಾನೇ ಮಾಡಿಸಿದ ತನಿಖೆಯ ವರದಿ ಬಂತು: ಆಧ್ಯಾತ್ಮಿಕ ಮಾರ್ಗದರ್ಶನದ ನೆಪದಲ್ಲಿ ಆರು ಮಹಿಳೆಯರನ್ನ ಅವರು ಲೈಂಗಿಕವಾಗಿ ದುರುಪಯೋಗ ಮಾಡಿಕೊಂಡಿದ್ದರು. 2023ರ ಎರಡನೇ ವರದಿಯಲ್ಲಿ ಆ ಸಂಖ್ಯೆ 25. ಆ ಮಹಿಳೆಯರು ಅಂಗವೈಕಲ್ಯ ಇದ್ದವರಲ್ಲ. ಆದರೂ ಯಾರ ಮಾತಿಗೂ ಯಾರೂ ಕಿವಿಗೊಡದ ಹಾಗೆ ಒಬ್ಬ ಮನುಷ್ಯನ ಸುತ್ತ ಪ್ರಭಾವಳಿ ಕಟ್ಟಿದರೆ ಏನಾಗುತ್ತೆ ಅನ್ನೋದು ನಮಗೆಲ್ಲ ಅನ್ವಯಿಸುತ್ತೆ.

ಇನ್ನೂ ಕ್ರೂರವಾದದ್ದು ಅರ್ಜೆಂಟೀನಾದ ಮೆಂಡೋಸಾದ ಪ್ರೊವೋಲೊ ಸಂಸ್ಥೆಯದು. ಅಲ್ಲಿದ್ದವರು ಕಿವುಡ ಮಕ್ಕಳು. 2019ರ ನವೆಂಬರಿನಲ್ಲಿ ಇಬ್ಬರು ಗುರುಗಳಿಗೆ ತಲಾ 40 ವರ್ಷಕ್ಕೂ ಮೀರಿದ ಜೈಲು ಶಿಕ್ಷೆ ಆಯ್ತು.

ಹಾಗಾಗಿ ಸೇವಾಕೂಟ ಅಂದರೆ ಮೊದಲನೇ ದಿನವೇ ನಿಯಮ ಇರಲಿ. ಯಾರೂ ಯಾರ ಜೊತೆಗೂ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಬಾರದು. ಶೌಚಕ್ಕೆ, ಬಟ್ಟೆ ಬದಲಿಸೋಕೆ ಸಹಾಯ ಮಾಡೋರು ಯಾರು ಅನ್ನೋದು ಮನೆಯವರಿಗೂ ಆ ವ್ಯಕ್ತಿಗೂ ಒಪ್ಪಿಗೆ ಆಗಿರಬೇಕು. ಮಾತಿಲ್ಲದವರು "ಬೇಡ" ಅನ್ನೋದನ್ನ ಹೇಗೆ ತೋರಿಸ್ತಾರೆ ಅಂತ ಪ್ರತಿಯೊಬ್ಬ ಸ್ವಯಂಸೇವಕನಿಗೂ ಗೊತ್ತಿರಬೇಕು. ದೂರು ಬಂದರೆ ಗುರುಗಳನ್ನ ದಾಟಿ ಹೋಗೋ ದಾರಿ ಒಂದು ಇರಲೇಬೇಕು. ಒಳ್ಳೆಯವರಿಗೆ ಇದರಿಂದ ಅವಮಾನ ಆಗಲ್ಲ.

ಪರಿಷತ್ ಸದಸ್ಯ

ಇಷ್ಟೆಲ್ಲ ಇದೆ ಅಂತ ಗೊತ್ತಿರಲಿಲ್ಲ. ಅಕ್ಕನ ತಮ್ಮ ಅವರೇ, ಆ ನಿಯಮಗಳನ್ನ ಹಾಗೇ ಎತ್ತಿಕೊಂಡು ಸಭೆಯ ಮುಂದೆ ಇಡ್ತೀನಿ.

ಒಂದು ಕೇಳೋದು ಮರೆತೆ. ನಮ್ಮ ಪ್ರಾರ್ಥನಾ ಕೂಟದವರು ಗುಣಪಡಿಸುವ ಪ್ರಾರ್ಥನೆಯನ್ನೂ ಸೇರಿಸಿ ಅಂತಿದ್ದಾರೆ. ತಪ್ಪೇನೂ ಇಲ್ಲ ಅಲ್ವಾ?

ಗಾಲಿಕುರ್ಚಿ

ಪ್ರಾರ್ಥನೆ ತಪ್ಪಲ್ಲ. ಕೇಳದೇ ತಲೆ ಮೇಲೆ ಕೈ ಇಡೋದು ತಪ್ಪು.

ನನಗೆ ಇದು ಎಷ್ಟು ಸಲ ಆಗಿದೆ ಅಂದ್ರೆ, ಹಿಂದಿನಿಂದ ಯಾರಾದ್ರೂ ಬಂದು ನಿಂತ ನೆರಳು ಕಂಡ್ರೆ ಸಾಕು, ಭುಜ ಬಿಗಿಯಾಗುತ್ತೆ. ಕೈ ಇಟ್ಟು ಜೋರಾಗಿ ಪ್ರಾರ್ಥನೆ ಮಾಡ್ತಾರೆ. ಮುಗಿಸಿ ನನ್ನ ಕಾಲು ನೋಡ್ತಾರೆ. ಕಾಲು ಅಲ್ಲೇ ಇರುತ್ತೆ. ಆಮೇಲೆ ನನ್ನ ಮುಖ ನೋಡ್ತಾರೆ, ವಿಶ್ವಾಸ ಸಾಲದು ಅನ್ನೋ ಹಾಗೆ. ಒಬ್ಬರಂತೂ ತಂದೆತಾಯಿ ಏನಾದ್ರೂ ತಪ್ಪು ಮಾಡಿದ್ರಾ ಅಂತ ಕೇಳೇಬಿಟ್ಟರು. ಅದೇ ಪ್ರಶ್ನೆಯನ್ನ ಶಿಷ್ಯರು ಹುಟ್ಟುಕುರುಡನ ಬಗ್ಗೆ ಕೇಳಿದಾಗ, ಇವನೂ ಅಲ್ಲ ಇವನ ತಂದೆತಾಯಿಯೂ ಅಲ್ಲ ಅಂತ ಯೇಸುಸ್ವಾಮಿ ಉತ್ತರ ಕೊಟ್ಟಾಗಿದೆ. ಯೊವಾನ್ನ, ಒಂಬತ್ತನೇ ಅಧ್ಯಾಯ. ಬಾರ್ತಿಮಾಯನಿಗೆ ಕಣ್ಣಿಲ್ಲ ಅಂತ ಊರಿಗೇ ಗೊತ್ತಿತ್ತು, ಆದರೂ ಸ್ವಾಮಿ ಮೊದಲು ಕೇಳಿದ್ದು ನಿನಗೆ ಏನು ಮಾಡಬೇಕು ಅಂತ.

ಕಾಸ್ತೆಲ್ಲೊದ ಮಾರ್ಗರೇಟ್ ಅವರ ಕಥೆ ನಿಮ್ಮ ಪ್ರಾರ್ಥನಾ ಕೂಟದಲ್ಲಿ ಓದಿಸಿ. 1287ರಲ್ಲಿ ಇಟಲಿಯಲ್ಲಿ ಹುಟ್ಟಿದ್ದು, ಕಣ್ಣು ಕಾಣ್ತಿರಲಿಲ್ಲ, ಗಿಡ್ಡ ದೇಹ, ಬೆನ್ನು ಡೊಂಕು. ಅದ್ಭುತ ಆಗಲಿ ಅಂತ ತಂದೆತಾಯಿ ಒಂದು ಸಮಾಧಿಯ ಹತ್ತಿರ ಕರ್ಕೊಂಡು ಹೋದರು. ಅದ್ಭುತ ಆಗಲಿಲ್ಲ. ಅಲ್ಲೇ ಬಿಟ್ಟು ಹೋದರು. ಬಡವರ ಮನೆಗಳಲ್ಲಿ ಬೆಳೆದು, ದೊಮಿನಿಕನ್ ಮೂರನೇ ಸಭೆಗೆ (ದೊಮಿನಿಕನ್ ಸನ್ಯಾಸಿಗಳ ಜೊತೆಗಿದ್ದ ಸಾಮಾನ್ಯ ವಿಶ್ವಾಸಿಗಳ ಕೂಟ) ಸೇರಿ, ಮಕ್ಕಳಿಗೆ ಕಲಿಸಿದಳು. 2021ರಲ್ಲಿ ಫ್ರಾನ್ಸಿಸರು ಅವಳನ್ನ ಸಂತಳೆಂದು ಸಾರಿದರು. ಗುಣ ಆಗದೇ ಸಂತಳಾದವಳು.

ಹಿಂದಿನ ಬೆಂಚು

ಗುಣವಾಗಲಿ ಅಂತ ಬಯಸುವವರೆಲ್ಲ ಕೆಟ್ಟವರಲ್ಲ. ನನ್ನ ತಂಗಿ ಪಾರ್ಶ್ವವಾಯುವಿನಿಂದ ಮಲಗಿದ್ದಾಳೆ, ಅವಳೇ ಬಾಯಿಬಿಟ್ಟು ಪ್ರಾರ್ಥನೆ ಕೇಳುತ್ತಾಳೆ. ಅದನ್ನೂ ನಿಲ್ಲಿಸಬೇಡಿ.

ಅವಳ ಬಗ್ಗೆಯೇ ಗುರುಗಳನ್ನ ಒಂದು ಕೇಳಬೇಕಿತ್ತು. ಈಗ ಗಟ್ಟಿ ಪದಾರ್ಥ ನುಂಗೋಕೆ ಆಗುತ್ತಿಲ್ಲ, ಕೊಳವೆಯಲ್ಲಿ ಆಹಾರ. ಪರಮಪ್ರಸಾದ ನಿಂತು ಹೋಗಿದೆ.

ಗಾಲಿಕುರ್ಚಿ

ಅವಳೇ ಕೇಳಿದರೆ ನಾನೂ ಕೈ ಮುಗೀತೀನಿ ಅಣ್ಣಾ. ಅದೇ ನಾನು ಹೇಳಿದ್ದು.

ಗುರು (ಧರ್ಮಸಭೆಯ ಕಾನೂನು ಓದಿದವನು)

ನಿಲ್ಲಬೇಕಾಗಿಲ್ಲ. 925ನೇ ವಿಧಿಯ ಪ್ರಕಾರ ಅಗತ್ಯವಿದ್ದಾಗ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಬಹುದು. ಒಂದೆರಡು ಹನಿ ನಾಲಿಗೆಯ ಮೇಲೆ ಹಾಕಿದರೂ ಸಾಕು. ಅಷ್ಟನ್ನು ನುಂಗುವುದು ಸುರಕ್ಷಿತವೇ ಎಂದು ಮೊದಲು ಅವರ ವೈದ್ಯರನ್ನು ಕೇಳಿಕೊಳ್ಳಿ. ಸ್ವೀಕಾರಕ್ಕೆ ಮುಂಚಿನ ಒಂದು ಗಂಟೆಯ ಉಪವಾಸ ರೋಗಿಗಳಿಗೆ, ವೃದ್ಧರಿಗೆ, ಅವರ ಆರೈಕೆ ಮಾಡುವವರಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಕೊಳವೆಯ ಆಹಾರದ ಸಮಯ ನೋಡಿಕೊಂಡು ಕೂರಬೇಕಿಲ್ಲ. ನಿಮ್ಮ ಗುರುಗಳಿಗೆ ಒಂದು ಮಾತು ಮುಂಚೆ ಹೇಳಿ, ಪವಿತ್ರ ರಕ್ತವನ್ನು (ಪವಿತ್ರೀಕರಿಸಿದ ದ್ರಾಕ್ಷಾರಸವನ್ನು) ಮನೆಗೆ ತರಲು ಸರಿಯಾಗಿ ಮುಚ್ಚುವ ಪಾತ್ರೆ ಬೇಕು.

ಹಿಂದಿನ ಬೆಂಚು

ಇದು ಗೊತ್ತೇ ಇರಲಿಲ್ಲ ಫಾದರ್. ಈ ವಾರವೇ ಕೇಳ್ತೀನಿ.

(ಬಲಿಪೂಜೆಯಲ್ಲಿ ಕೂಗಾಟದ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಪೂರ್ತಿ ಬದಲಾಗಿಲ್ಲ, ಅದು ಬೇರೆ.)

ಪರಿಷತ್ ಸದಸ್ಯ

ಇವತ್ತು ಸಭೆ ಆಯ್ತು. ಊಟ, ಉಡುಗೊರೆಯ ಯೋಜನೆ ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೀವಿ. ನಮ್ಮ ಧರ್ಮಕೇಂದ್ರದಲ್ಲೇ ಇರೋ ದೃಷ್ಟಿ ಇಲ್ಲದ ಒಬ್ಬ ಸಂಗೀತ ಮೇಷ್ಟ್ರು, ಆಟಿಸಂ ಇರೋ ಹುಡುಗಿಯ ತಾಯಿ, ಕಿವುಡ ದಂಪತಿ, ಇವರನ್ನ ಮುಂದಿನ ಸಭೆಗೆ ಕರೆದಿದ್ದೀವಿ. ಮೇಷ್ಟ್ರು ಮೊದಲ ಮಾತಿಗೇ ಕೇಳಿದ್ದು, ಹಾಡಿನ ಪಟ್ಟಿ ಭಾನುವಾರ ಬೆಳಿಗ್ಗೆ ಕಾಗದದಲ್ಲಿ ಕೊಡೋ ಬದಲು ಶುಕ್ರವಾರವೇ ಫೋನಿಗೆ ಕಳಿಸಬಾರದಾ, ಫೋನು ಓದಿ ಹೇಳುತ್ತೆ ಅಂತ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲವಂತೆ. ವಾಚನ ಪೀಠದ ಮೆಟ್ಟಿಲು ಒಡೆಯೋಕೆ ಕೆಲವರು ಒಪ್ಪಲಿಲ್ಲ, ಹಳೇ ಕಲ್ಲಿನ ಕೆಲಸ ಅಂತ. ಏನು ಮಾಡೋದು?

ಕೈಮಾತು ಅವರೇ, ನಮ್ಮ ಕಿವುಡ ದಂಪತಿಗೆ ಪಾಪನಿವೇದನೆಯ ವ್ಯವಸ್ಥೆ ಹೇಗೆ ಮಾಡೋದು? ಅನುವಾದಕರು ಇದ್ದರೆ ಗುಟ್ಟು ಉಳಿಯುತ್ತಾ?

ಗಾಲಿಕುರ್ಚಿ

ಒಡೆಯೋದು ಬೇಡ. ಕೆಳಗೆ, ಜನರ ಮಟ್ಟದಲ್ಲೇ ವಾಚನ ಪೀಠ ಇಡೋಕಾಗುತ್ತಾ ಅಂತ ಗುರುಗಳನ್ನ ಕೇಳಿ. ಎಲ್ಲರೂ ಅಲ್ಲಿಂದಲೇ ಓದಲಿ. ನನ್ನ ಒಬ್ಬನಿಗೆ ಮಾತ್ರ ಕೆಳಗೊಂದು ಮೈಕ್ ಇಟ್ಟು ಉಳಿದವರು ಮೇಲೆ ಓದೋದು ಬೇಡ. ಮೈಕಿನ ಕಂಬ ಎತ್ತರ ತಗ್ಗು ಮಾಡೋಕೆ ಬರೋದೇ ತಗೊಳ್ಳಿ.

ಗುರು (ಧರ್ಮಸಭೆಯ ಕಾನೂನು ಓದಿದವನು)

990ನೇ ವಿಧಿ ಅನುವಾದಕರ ಮೂಲಕ ಪಾಪನಿವೇದನೆಗೆ ಅನುಮತಿ ಕೊಡುತ್ತದೆ. ಕೇಳಿದ್ದನ್ನು ಗುಟ್ಟಾಗಿ ಇಡುವ ಬಾಧ್ಯತೆ ಅನುವಾದಕರಿಗೂ ಇದೆ, 983ನೇ ವಿಧಿ. ಆದರೆ ಅನುವಾದಕರು ಬೇಕೇ ಬೇಡವೇ, ಯಾರಿರಬೇಕು ಎನ್ನುವುದು ನಿವೇದನೆ ಮಾಡುವವರ ಆಯ್ಕೆ. ನಾವು ಹೇರುವಂತಿಲ್ಲ.

ಕೈಮಾತು

ನನ್ನ ಅನುಭವದಲ್ಲಿ ಹೆಚ್ಚಿನವರಿಗೆ ಅನುವಾದಕರು ಬೇಡ. ನಮ್ಮ ಊರಿನ ಸನ್ನೆ ಭಾಷೆಯವರ ವಲಯ ಚಿಕ್ಕದು, ಅನುವಾದಕರು ಹೇಗೂ ನಮ್ಮ ಪರಿಚಯದವರೇ. ನಾನು ಬರೆದು ಕೊಡ್ತೀನಿ, ಗುರುಗಳು ಓದಿ ಅದೇ ಹಾಳೆಯಲ್ಲಿ ಬರೀತಾರೆ, ಆಮೇಲೆ ಹಾಳೆ ನನಗೆ ವಾಪಸ್. ನಾನೇ ಹರಿದು ಹಾಕ್ತೀನಿ, ಅವರು ಹರೀಬಾರದು. ಫೋನಿನಲ್ಲಿ ಟೈಪ್ ಮಾಡಿಸಬೇಡಿ, ಅದು ಎಲ್ಲಿ ಉಳಿಯುತ್ತೋ ಗೊತ್ತಿಲ್ಲ.

ಜಾಲರಿ ಇರೋ ಕತ್ತಲೆ ಗೂಡು ನಮಗೆ ಆಗಲ್ಲ. ಬೆಳಕಿರೋ ಕೋಣೆ, ಎದುರುಬದುರು ಎರಡು ಕುರ್ಚಿ. ಆದರೆ ಹೊರಗಿನಿಂದ ಗಾಜಿನಲ್ಲಿ ನಮ್ಮ ಕೈ ಕಾಣೋ ಹಾಗಿರಬಾರದು. ಸಾಲಿನಲ್ಲಿ ಇನ್ನೊಬ್ಬ ಕಿವುಡರು ಕೂತಿದ್ದರೆ ದೂರದಿಂದಲೇ ಎಲ್ಲ ಓದಿಬಿಡ್ತಾರೆ. ಕುರ್ಚಿ ತಿರುಗಿಸಿ ಇಡಿ. ಮತ್ತೆ, ಆ ದಂಪತಿಯನ್ನ ಸಭೆಗೆ ಕರೆದಿದ್ದೀರಲ್ಲ, ಅವತ್ತಿಗೆ ಅನುವಾದಕರನ್ನ ಗೊತ್ತು ಮಾಡಿದ್ದೀರಾ?

ಪರಿಷತ್ ಸದಸ್ಯ

ಇಲ್ಲ. ಈಗಲೇ ಫೋನ್ ಮಾಡ್ತೀನಿ.